ಲೈನ್‌ಮನ್ ಮನೆಗೆ ಕರೆಂಟಿಲ್ಲ

ಹೊಳಲ್ಕೆರೆಯಲ್ಲಿ ಯಾರ ಮನೆಯ ದೀಪ ಆರಿದರೂ ಜನ ಮೊದಲು ಫೋನ್ ಮಾಡುತ್ತಿದ್ದುದು ಲೈನ್‌ಮನ್ ಪರಮೇಶನಿಗೆ. ಆ ವರ್ಷದ ಬೇಸಿಗೆಯಲ್ಲಿ ಅವನ ಮನೆಯೇ ಕತ್ತಲಾಯಿತು. ಬಿಲ್ಲು ಬಾಕಿ ಇರಲಿಲ್ಲ, ತಂತಿ ಹರಿದಿರಲಿಲ್ಲ. ಹೊತ್ತು ಇಳಿಯುವಾಗ ಪರಮೇಶನೇ ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಶುರುವಾದದ್ದು ಮಿಕ್ಸಿಯಿಂದ. ಹೆಂಡತಿ ಶಾಂತಿ ಚಟ್ನಿಗೆ ಕಾಯಿ ಹಾಕಿ ಇನ್ನೇನು ಗುಂಡಿ ತಿರುಗಿಸಬೇಕು, ಹಿಂದಿನಿಂದ ಬಂದು ವೈರು ಕಿತ್ತ.

"ಮಿಕ್ಸಿ ಹಾಕ್ಬೇಡ ಅಂದೆನಲ್ಲ!"

"ಇನ್ನೇನು ಹಲ್ಲಲ್ಲಿ ಅರೀಲಾ ಚಟ್ನಿಯ?"

"ಒರಳು ಐತಲ್ಲ."

"ಒರಳು ನಿಮ್ಮಜ್ಜಿ ಕಾಲದ್ದು. ಬೇಕಾದ್ರೆ ನೀವೇ ಬಂದು ರುಬ್ರಿ."

ಅವನು ನಿಜವಾಗಿಯೂ ಹಿತ್ತಲಿಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತು ಚಟ್ನಿ ರುಬ್ಬಿದ. ಶಾಂತಿಗೆ ಹೆದರಿಕೆಯಾದದ್ದು ಆಗಲೇ. ಮದುವೆಯಾದಾಗಿನಿಂದ ಉಂಡ ತಟ್ಟೆ ಎತ್ತಿಡದ ಗಂಡಸು ಚಟ್ನಿ ರುಬ್ಬುತ್ತಿದ್ದಾನೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಮಿಕ್ಸಿಯಾದ ಮೇಲೆ ಫ್ರಿಜ್ಜು. ಹಾಲು ಒಡೆಯಿತು, ದೋಸೆಹಿಟ್ಟು ಹುಳಿ ಬಂತು. ಆಮೇಲೆ ಫ್ಯಾನು. ಕೊನೆಗೆ ಮನೆಯೇ. ಪಿಯುಸಿ ಓದುವ ಮಗಳು ಮೌನಿಕಾ ಸಂಜೆಯಾದರೆ ಪುಸ್ತಕ ಹಿಡಿದು ಗೆಳತಿಯ ಮನೆಗೆ ನಡೆದಳು. ಮೇಣದಬತ್ತಿ ಬೆಳಕಲ್ಲಿ ಮುದ್ದೆ ಸಾರು ಉಣ್ಣುವಾಗ ಸಾರಿನಲ್ಲಿ ಬಿದ್ದಿರುವುದು ಸೊಪ್ಪೋ ಹುಳವೋ ಗೊತ್ತಾಗುತ್ತಿರಲಿಲ್ಲ.

"ಲೈನ್‌ಮನ್ ಮನೇಗೇ ಕರೆಂಟಿಲ್ವಂತೆ!" ಎಂದು ಎದುರು ಮನೆಯವರು ನಕ್ಕರು. ನಗದೆ ಏನು ಮಾಡುತ್ತಾರೆ?

ಇದೆಲ್ಲ ಮುನಿಯಪ್ಪ ಸತ್ತ ಮೇಲೆ ಶುರುವಾದದ್ದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುನಿಯಪ್ಪ, ಪರಮೇಶ್ ಒಂದೇ ಸೆಕ್ಷನ್ನಿನವರು. ಒಬ್ಬ ಕಂಬದ ಮೇಲೆ, ಒಬ್ಬ ಕೆಳಗೆ. ಅವತ್ತು ಹಿಟ್ಟಿನ ಗಿರಣಿ ಹತ್ತಿರದ ಕಂಬ ಹತ್ತುವ ಸರದಿ ಪರಮೇಶನದು. ಲೈನ್ ಆಫ್ ಮಾಡಿಸಿ ನಿಂತಿದ್ದಾಗ ಅವನ ತಾಯಿ ಪುಟ್ಟಕ್ಕ ಫೋನ್ ಮಾಡಿದಳು. ರೊಟ್ಟಿ ಬಿಸಿ ಐತೆ, ಉಂಡು ಹೋಗು. "ಹೋಗಿ ಉಂಡು ಬಾರೋ, ನಿಮ್ಮವ್ವ ಬೈತಾಳೆ. ನಾನು ಹತ್ತಿರ್ತೀನಿ" ಅಂದ ಮುನಿಯಪ್ಪ. ಪರಮೇಶ್ ಎರಡನೇ ರೊಟ್ಟಿ ಮುರಿಯುವಾಗ ಯಾರೋ ಓಡಿಬಂದರು. ಆ ಸಾಲಿನ ಯಾವನೋ ಅಂಗಡಿಯವನು ಜನರೇಟರನ್ನು ಅಡ್ಡಾದಿಡ್ಡಿ ಜೋಡಿಸಿದ್ದ. ಅದರ ಕರೆಂಟು ಹಿಂದಕ್ಕೆ ಹರಿದು, ಸತ್ತಿದ್ದ ತಂತಿಗೆ ಜೀವ ಬಂದಿತ್ತು. ಕೆಳಗೆ ನಿಂತು ನೋಡಿಕೊಳ್ಳುವವನು ಯಾರೂ ಇರಲಿಲ್ಲ.

ಪುಟ್ಟಕ್ಕನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಮೆಣಸಿನಕಾಯಿ ಮಂಡಕ್ಕಿಯ ಗಾಡಿ ಇತ್ತು. ಸಂಜೆ ಬಾಣಲೆ ಇಟ್ಟಳೆಂದರೆ ಜನ ಮುತ್ತಿಕೊಳ್ಳುತ್ತಿದ್ದರು. ಮಗ ಬದುಕಿದ ಸಂತೋಷ ಅವಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬ ಗಿರಾಕಿಯನ್ನೂ ಬಿಡದೆ ಹೇಳಿದಳು. "ನಾನು ರೊಟ್ಟಿಗೆ ಕರೀದಿದ್ರೆ ನನ್ನ ಮಗ ಇರ್ತಿರ್ಲಿಲ್ಲ ನೋಡಪ್ಪ. ತಾಯಿ ಕರುಳು ಅಂದ್ರೆ ಏನು ಅನ್ಕಂಡೀಯ?" ಜನ ತಲೆದೂಗಿ ಇನ್ನೆರಡು ಮೆಣಸಿನಕಾಯಿ ಹಾಕಿಸಿಕೊಳ್ಳುತ್ತಿದ್ದರು. ಮನೆಗೆ ಬಂದು ಮಗನ ಎದುರಿಗೂ ಅದನ್ನೇ ಹೇಳುತ್ತಿದ್ದಳು. ಅವನು ಜೇಬಿನಲ್ಲಿ ಫ್ಯೂಸು ಹಿಡಿದುಕೊಂಡು ಗೋಡೆ ನೋಡುತ್ತಿದ್ದ.

ಕೆಲಸಕ್ಕೆ ಹೋಗಿ ಹೋಗಿ ವಾಪಸು ಬಂದ. ಕಂಬದ ಬುಡದ ತನಕ ಹೋಗಿ, ಹತ್ತದೆ ತಿರುಗಿಬಿಡುತ್ತಿದ್ದ. ಸೆಕ್ಷನ್ನಿನ ಇಂಜಿನಿಯರ್ ಹನುಮೇಶ್ ಒಳ್ಳೆಯವನು, ರಜೆ ಹಾಕಿಸಿ ಕಳಿಸಿದ. "ಸುಧಾರಿಸ್ಕಂಡು ಬಾರಪ್ಪ. ಆದ್ರೆ ಎಷ್ಟು ದಿನ ಅಂತ ಹೇಳು, ಮೇಲಿನೋರಿಗೆ ನಾನು ಉತ್ತರ ಕೊಡ್ಬೇಕಲ್ಲ" ಎಂದ. ಎಷ್ಟು ದಿನ ಎಂದು ಪರಮೇಶನಿಗೆ ಗೊತ್ತಿದ್ದರೆ ತಾನೇ ಹೇಳಲು?

ಪುಟ್ಟಕ್ಕ ದೃಷ್ಟಿ ತೆಗೆದಳು. ತಾಯತ ಕಟ್ಟಿಸಿದಳು. ಯಾರೋ ಹೇಳಿದರೆಂದು ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಮನಸ್ಸಿನ ಕಾಯಿಲೆ ವಾಸಿ ಮಾಡುವವನ ನಂಬರು ತಂದಳು. ಮೌನಿಕಾ ಅವನಿಗೆ ಫೋನ್ ಹಚ್ಚಿದಳು.

"ಮೂರೇ ಸಲ ಬಂದ್ರೆ ಸಾಕು, ಪೂರ್ತಿ ವಾಸಿ" ಎಂದಿತು ಆ ಕಡೆಯ ದನಿ.

"ಸರ್, ನೀವು ಏನು ಓದಿದೀರ?"

"ಯಾಕಮ್ಮ?"

"ಸುಮ್ನೆ ಕೇಳ್ದೆ ಸರ್. ಯಾವ ಕಾಲೇಜು?"

"ಕಾಯಿಲೆ ವಾಸಿ ಆಗ್ಬೇಕಾ, ನನ್ನ ಜಾತಕ ಬೇಕಾ?" ಎಂದು ಫೋನ್ ಇಟ್ಟ.

"ದೊಡ್ಡೋರನ್ನ ಹಂಗೆ ಕೇಳ್ತಾರೇನೇ?" ಪುಟ್ಟಕ್ಕ ಮೊಮ್ಮಗಳ ಮೇಲೆ ಹರಿಹಾಯ್ದಳು.

"ಎಣ್ಣೆ ತರುವಾಗ ಮೂಸಿ ನೋಡಿ ತರ್ತೀಯಲ್ಲಜ್ಜಿ. ಅಪ್ಪನ್ನ ಹಂಗೇ ಕೊಟ್ಬಿಡ್ಲಾ?"

ಆ ಹುಡುಗಿ ಅಜ್ಜಿಗೇ ಹುಟ್ಟಿದಂತಿದ್ದಳು.

ಕಾಲೇಜಿನ ಗೋಡೆಯ ಮೇಲೆ ಸರ್ಕಾರದ ಸಹಾಯವಾಣಿಯ ನಂಬರು ಅಂಟಿಸಿದ್ದರು. ಒಂದು ನಾಲ್ಕು ನಾಲ್ಕು ಒಂದು ಆರು. ಮೌನಿಕಾ ಅದಕ್ಕೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಕನ್ನಡದಲ್ಲಿಯೇ ಸಮಾಧಾನವಾಗಿ ಮಾತಾಡಿ, ಇದು ಹುಚ್ಚಲ್ಲ, ಹತ್ತಿರದವನ ಸಾವಿನ ಏಟು, ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ ಜೊತೆ ಸೋಷಿಯಲ್ ವರ್ಕರ್ ಕೂತಿರುತ್ತಾರೆ, ಹೋಗಿ ಎಂದಳು.

"ಸೋಷಿಯಲ್ ವರ್ಕರ್ ಅಂದ್ರೆ ಫ್ಲೆಕ್ಸಲ್ಲಿ ಕೈ ಮುಗಿದು ನಿಂತಿರ್ತಾರಲ್ಲ, ಅವ್ರಾ?" ಪುಟ್ಟಕ್ಕ ಕೇಳಿದಳು. "ಅವ್ರು ಓಟು ಕೇಳಾಕೆ ಬರ್ತಾರೆ, ಕಾಯಿಲೆ ಕೇಳಾಕೆ ಬರಲ್ಲ."

"ಅವರಲ್ಲ ಅಜ್ಜಿ. ಮನಸ್ಸಿನ ಕಾಯಿಲೆಗೆ ಅಂತಲೇ ಓದಿರೋರು. ಮನೆಯೋರ ಜೊತೆಗೂ ಮಾತಾಡ್ತಾರಂತೆ. ನಮ್ಮೂರ ಆಸ್ಪತ್ರೇಲಿ ಗುರುವಾರ ಇರ್ತಾರೆ."

"ನಮ್ಮೂರಾ?" ಪುಟ್ಟಕ್ಕ ಸೌಟು ನೆಲಕ್ಕೆ ಕುಕ್ಕಿದಳು. "ಅರ್ಧ ಊರು ನನ್ನ ಕೈಯ ಮೆಣಸಿನಕಾಯಿ ತಿಂತೈತೆ. ಆ ಬೆಂಚಿನ ಮೇಲೆ ಕುಂತ್ರೆ ಸಂಜೆ ಗಾಡಿ ತಂಕ ಸುದ್ದಿ ಬರ್ತೈತೆ. ಬೇರೆ ಊರು ನೋಡು."

"ಬೇರೆ ಊರಲ್ಲಿ ನಿಮ್ಮ ಮಗ ಬೇರೆಯೋರ ಮಗ ಆಗ್ತಾರಾ ಅತ್ತೆ?" ಶಾಂತಿ ಕೇಳಿದಳು.

"ನೀನು ಸುಮ್ನಿರು."

"ಸುಮ್ನಿದ್ದೂ ಸುಮ್ನಿದ್ದೂ ಕಣ್ಣು ಕುರುಡಾತು ನನಗೆ. ಹೊಸದುರ್ಗದಲ್ಲಿ ಮಂಗಳವಾರ ಇರ್ತಾರಂತೆ, ಅಲ್ಲಿಗಾದ್ರೂ ಸರಿ, ಈ ವಾರ ಹೋಗಾಣ. ಇಲ್ಲಾಂದ್ರೆ ನಾನು ಮಗಳನ್ನ ಕರ್ಕಂಡು ಶ್ರೀರಾಂಪುರದ ತವರಿಗೆ ಹೋಗ್ತೀನಿ. ಅಲ್ಲಿ ಬಲ್ಬು ಉರೀತವೆ."

ಪರಮೇಶ್ ಮೂಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡ. "ನಿದ್ದಿಗೆ ಮಾತ್ರೆ ಕೊಡ್ತಾರಾ?" ಎಂದಷ್ಟೇ ಕೇಳಿದ. ಕೊಡುತ್ತಾರೆ ಎಂದರು. "ಹಂಗಾದ್ರೆ ಹೋಗಾಣ" ಎಂದ. ಅವನ ಕೆಂಪು ಕಣ್ಣು ನೋಡಿ ಪುಟ್ಟಕ್ಕನೂ ಜಗಳ ನಿಲ್ಲಿಸಿದಳು.

ಮಂಗಳವಾರ ಬೆಳಿಗ್ಗೆ ನಾಲ್ವರೂ ಹೊಸದುರ್ಗದ ಬಸ್ಸು ಹತ್ತಿದರು. ಕೇಳಿದವರಿಗೆಲ್ಲ ಪುಟ್ಟಕ್ಕ ಶ್ರೀರಾಂಪುರದ ಬೀಗರ ಮನೆಗೆ ಎಂದು ಹೇಳಿದ್ದಳು. ಬಸ್ಸು ಹೊರಡುವ ಹೊತ್ತಿಗೆ ಒಬ್ಬಳು ಓಡಿಬಂದು ಹತ್ತಿದಳು. ಪುಟ್ಟಕ್ಕ ಸೆರಗೆಳೆದು ಮುಖ ಮುಚ್ಚಿಕೊಂಡಳು.

"ಥೂ, ಇವಳೇ ಬರ್ಬೇಕಾ!"

ಅವಳು ಹಿಂದಿನ ಬೀದಿಯ ಬಾಡಿಗೆ ಮನೆಯ ಕಾವ್ಯಶ್ರೀ. ಒಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಒಂದೊಂದು ದಿನ ಒಂದೊಂದು ಊರಿನ ಬಸ್ಸು ಹತ್ತುತ್ತಿದ್ದಳು. ಪುಟ್ಟಕ್ಕ ಹಿತ್ತಲಲ್ಲಿ ಮೆಣಸಿನಕಾಯಿ ಹುರಿದರೆ ಘಾಟು ನೆಟ್ಟಗೆ ಅವಳ ಮನೆಗೆ ನುಗ್ಗುತ್ತಿತ್ತು. ಯುಗಾದಿಯ ಆಸುಪಾಸಿನಲ್ಲಿ ಇಬ್ಬರಿಗೂ ಗೋಡೆಯ ಮೇಲಿಂದ ದೊಡ್ಡ ಜಗಳವಾಗಿತ್ತು. "ಸಾಲ ವಸೂಲಿ ಮಾಡ್ಕಂಡು ಊರೂರು ಸುತ್ತೋಳಿಗೆ ನನ್ನ ಒಲೆ ಉಸಾಬರಿ ಯಾಕೆ?" ಎಂದು ಪುಟ್ಟಕ್ಕ ಕೂಗಿದ್ದು ಇಡೀ ಬೀದಿಗೆ ಕೇಳಿತ್ತು. ಅವಳು ಯಾವುದೋ ಮಹಿಳಾ ಸಂಘದ ಸಾಲದ ಕಂತು ಎತ್ತುವವಳೆಂದು ಪುಟ್ಟಕ್ಕನೇ ತೀರ್ಮಾನ ಮಾಡಿದ್ದಳು. ಕೇಳಿ ತಿಳಿದುಕೊಳ್ಳುವ ಅಭ್ಯಾಸ ಅವಳಿಗೆ ಇರಲಿಲ್ಲ.

ಕಾವ್ಯಶ್ರೀ ಪಕ್ಕದ ಸೀಟಿನಲ್ಲೇ ಕೂತಳು. "ಎಲ್ಲಿಗೆ ಅಮ್ಮ, ಎಲ್ಲಾ ಹೊರಟಿದೀರ?"

"ಬೀಗರ ಮನೆಗೆ."

"ಹೌದಾ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಹೊಸದುರ್ಗದಲ್ಲಿ ಇಳಿದ ಮೇಲೆ ಪುಟ್ಟಕ್ಕ ಎಲ್ಲರನ್ನೂ ಹೋಟೆಲಿಗೆ ನುಗ್ಗಿಸಿದಳು. "ಆ ಹೆಂಗ್ಸು ಕಣ್ಮರೆ ಆಗ್ಲಿ ಮೊದ್ಲು" ಎಂದು ಹಸಿವಿಲ್ಲದವರಿಗೂ ಇಡ್ಲಿ ತಿನ್ನಿಸಿದಳು. ಆಮೇಲೆ ಆಸ್ಪತ್ರೆಗೆ ಹೋಗಿ, ಕೇಳಿಕೊಂಡು, ಬೆಂಚಿನ ಮೇಲೆ ಕುಳಿತು, ಹೆಸರು ಕೂಗಿದಾಗ ಬಾಗಿಲು ನೂಕಿ ಒಳಗೆ ಹೋದರೆ ಮೇಜಿನ ಹಿಂದೆ ಕೂತಿದ್ದವಳು ಕಾವ್ಯಶ್ರೀ.

ಪುಟ್ಟಕ್ಕ ಹೊಸ್ತಿಲಲ್ಲೇ ನಿಂತಳು. ಮೌನಿಕಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಶಾಂತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಬರ್ರಿ, ಕುಂತ್ಕಳ್ರಿ" ಎಂದಳು ಕಾವ್ಯಶ್ರೀ, ಬಸ್ಸಿನಲ್ಲಿ ನೋಡೇ ಇಲ್ಲವೆಂಬಂತೆ.

"ನಾವು ಬೇರೆ ಎಲ್ಲಾದ್ರೂ ತೋರಿಸ್ತೀವಿ" ಎಂದಳು ಪುಟ್ಟಕ್ಕ. "ಹಿರಿಯೂರಲ್ಲಿ ಯಾರು ಕುಂತಿರ್ತಾರೆ?"

"ಶುಕ್ರವಾರ ನಾನೇ."

"ದುರ್ಗದಲ್ಲಿ?"

"ದುರ್ಗದ ಆಸ್ಪತ್ರೇಲಿ ಬೇರೆಯೋರು ಅವ್ರೆ. ನಿಮಗೆ ನಾನು ಬ್ಯಾಡ ಅಂದ್ರೆ ಅವರಿಗೆ ಹೇಳಿ ಕಳಿಸ್ತೀನಿ. ನನಗೇನೂ ಬೇಜಾರಿಲ್ಲ."

"ಅವ್ವ, ಕೂತ್ಕ" ಎಂದ ಪರಮೇಶ್. ಅವನು ಆಗಲೇ ಕುರ್ಚಿಯಲ್ಲಿ ಕುಳಿತಾಗಿತ್ತು. "ನನಗೆ ಇನ್ನೊಂದು ಬಸ್ಸು ಹತ್ತಾಕೆ ಆಗಲ್ಲ."

ಮೌನಿಕಾ ಬಿಡಲಿಲ್ಲ. "ಅಕ್ಕ, ನೀವು ಏನು ಓದಿದೀರ?"

ಪುಟ್ಟಕ್ಕ ಮೊಮ್ಮಗಳ ತೊಡೆ ಚಿವುಟಿದಳು. ಕಾವ್ಯಶ್ರೀ ಕೋಪಿಸಿಕೊಳ್ಳಲಿಲ್ಲ. "ಒಳ್ಳೇದು ಕೇಳಿದೆ. ಮೊದ್ಲು ಎಂಎಸ್‌ಡಬ್ಲ್ಯೂ. ಆಮೇಲೆ ಧಾರವಾಡದಲ್ಲಿ ಎರಡು ವರ್ಷ ಮನಸ್ಸಿನ ಕಾಯಿಲೆ ಆಸ್ಪತ್ರೇಲಿ ಇದ್ದು ಎಂ.ಫಿಲ್. ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನನ್ನ ಹೆಸರು ನೋಂದಣಿ ಆಗೈತೆ. ಔಷಧಿ ಬರೆಯೋರು ಪಕ್ಕದ ರೂಮಿನ ಡಾಕ್ಟರು. ನಾನು ಬರೆಯಲ್ಲ. ಮಾತು ನನ್ನ ಕೆಲಸ."

"ಮಾತಾಡಿಸೋದಕ್ಕೆ ಇಷ್ಟು ಓದ್ಬೇಕಾ?" ಎಂದಳು ಪುಟ್ಟಕ್ಕ.

"ಹೆಚ್ಚಾಗಿ ಕೇಳಿಸ್ಕಳ್ಳಾದಕ್ಕೆ ಅಮ್ಮ."

"ಈಗ ನಮ್ಮ ಮನೆ ವಿಷ್ಯ ಹಿಂದಿನ ಬೀದಿಗೆಲ್ಲ ಗೊತ್ತಾಗ್ತೈತೆ."

"ಇಲ್ಲ. ಬೀದೀಲಿ ಕಂಡ್ರೆ ನೀವಾಗಿ ಮಾತಾಡ್ಸೋ ತನಕ ನಾನು ನಿಮ್ಮನ್ನ ಮಾತಾಡ್ಸಲ್ಲ. ಇಲ್ಲಿ ಹೇಳಿದ್ದು ಇಲ್ಲೇ."

"ಮತ್ತೆ ಆ ಘಾಟಿನ ಜಗಳ?"

"ಅದು ಬೇರೆ" ಎಂದಳು ಕಾವ್ಯಶ್ರೀ. "ನೀವು ನಾಳೆ ಮೆಣಸಿನಕಾಯಿ ಹುರಿದ್ರೆ ನಾಳೆನೂ ಬೈತೀನಿ."

ಪರಮೇಶ್ ತಟ್ಟನೆ ನಕ್ಕ. ಬೇಸಿಗೆ ಶುರುವಾದಾಗಿನಿಂದ ಅವನು ನಕ್ಕದ್ದನ್ನು ಮನೆಯವರು ಕಂಡಿರಲಿಲ್ಲ. ಪುಟ್ಟಕ್ಕ ದಡಕ್ಕನೆ ಕುರ್ಚಿಯಲ್ಲಿ ಕುಳಿತಳು.

ಡಾಕ್ಟರು ನಿದ್ದೆಗೆ ಮಾತ್ರೆ ಬರೆದರು. ಕಾವ್ಯಶ್ರೀ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾತಾಡಿಸಿದಳು. ಮನೆಯನ್ನೂ ಒಮ್ಮೆ ನೋಡಬೇಕು, ನೀವು ಒಪ್ಪಿದರೆ ಮಾತ್ರ ಎಂದಳು. ಒಪ್ಪಿದರು. ನಿದ್ದೆ ಬರತೊಡಗಿದ ಮೇಲೆ ಪರಮೇಶನ ಮುಖ ಸ್ವಲ್ಪ ತಿಳಿಯಾಯಿತು. ಆದರೂ ಸಂಜೆಯಾದರೆ ಫ್ಯೂಸು ಜೇಬಿಗೆ.

ಒಂದು ಭಾನುವಾರ ಕಾವ್ಯಶ್ರೀ ಮನೆಗೆ ಬಂದಳು. ಶಾಂತಿ ಅವಲಕ್ಕಿ ಮಾಡಿದ್ದಳು. ಪುಟ್ಟಕ್ಕ ಅವಳಿಗೆ ತಟ್ಟೆ ಕೊಡುತ್ತಾ, ಮನೆಗೆ ಬಂದವರಿಗೆಲ್ಲ ಹೇಳುವ ಹಾಗೆ ಶುರು ಮಾಡಿದಳು. "ನೋಡಮ್ಮ, ಅವತ್ತು ನಾನು ರೊಟ್ಟಿಗೆ ಕರೀದಿದ್ರೆ ನನ್ನ ಮಗ..."

ಪರಮೇಶ್ ಅವಲಕ್ಕಿಯ ತಟ್ಟೆಯನ್ನು ಎತ್ತಿ ಗೋಡೆಗೆ ಬಡಿದ.

"ಬಾಯಿ ಮುಚ್ಚವ್ವ! ಇನ್ನೆಷ್ಟು ಸಲ ಹೇಳ್ತೀಯ? ಬಸ್ ಸ್ಟ್ಯಾಂಡಲ್ಲಿ ಹೇಳ್ತೀಯ, ಬಾವಿಕಟ್ಟೇಲಿ ಹೇಳ್ತೀಯ, ಉಣ್ಣಾಕೆ ಕುಂತ್ರೆ ಹೇಳ್ತೀಯ. ನೀನು ಒಂದ್ಸಲ ಹೇಳಿದ್ರೆ ಮುನಿಯಪ್ಪ ಒಂದ್ಸಲ ಸಾಯ್ತಾನೆ. ದಿನಾ ಎಷ್ಟು ಸಲ ಅಂತ ಸಾಯಿಸ್ತೀಯ ಅವನ್ನ?"

ಪುಟ್ಟಕ್ಕ ದಂಗಾದಳು. "ನಾನು ಸಾಯಿಸಿದ್ನಾ? ನಾನು ನಿನ್ನ ಉಳಿಸಿದ್ದು!"

"ನನ್ನ ಸರದಿ ಅವನು ಹತ್ತಿದ. ಕೆಳಗೆ ನಿಲ್ಬೇಕಾದೋನು ನಾನು ರೊಟ್ಟಿ ತಿಂತಿದ್ದೆ. ಅದನ್ನ ನೀನು ಊರಿಗೆಲ್ಲ ಮೆಣಸಿನಕಾಯಿ ಜೊತೆ ಹಂಚ್ತೀಯ!"

"ಮಗ ಬದುಕಿದ್ದಕ್ಕೆ ತಾಯಿ ಸಂತೋಷ ಪಡಬಾರ್ದಾ? ಕೇಳಮ್ಮ, ಓದಿರೋಳು ನೀನು, ಹೇಳು!"

ಎಲ್ಲರೂ ಕಾವ್ಯಶ್ರೀಯ ಕಡೆ ನೋಡಿದರು. ಅವಳು ಯಾರ ಪರವೂ ತೀರ್ಪು ಹೇಳಲಿಲ್ಲ. ನೆಲಕ್ಕೆ ಬಿದ್ದ ಅವಲಕ್ಕಿಯನ್ನು ಶಾಂತಿಯ ಜೊತೆ ಬಳಿದು ತೆಗೆದು, "ಇಬ್ಬರ ಮಾತೂ ನಿಜ" ಎಂದಳು. "ನಿಮಗೆ ಸಂತೋಷ ಐತೆ ಅಮ್ಮ, ಇರಬೇಕು. ಅವರಿಗೆ ನೋವೈತೆ, ಅದೂ ಇರಬೇಕು. ಒಂದೇ ಮಾತು ಒಬ್ಬರಿಗೆ ಸಂತೋಷ, ಒಬ್ಬರಿಗೆ ಏಟು. ಈಗ ಗೊತ್ತಾತಲ್ಲ, ಏನು ಮಾಡ್ಬೇಕು ಅಂತ ನೀವೇ ಯೋಚನೆ ಮಾಡ್ರಿ." ಪರಮೇಶನ ಜೊತೆ ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತು ಮಾತಾಡಿ ಹೊರಟುಹೋದಳು.

ಪುಟ್ಟಕ್ಕ ಯೋಚನೆ ಮಾಡಲಿಲ್ಲ, ಮುನಿಸಿಕೊಂಡಳು. ಗಾಡಿ ಹಾಕಲಿಲ್ಲ. ಒಲೆ ಮುಟ್ಟಲಿಲ್ಲ. ಮುದ್ದೆ ಇಕ್ಕಿದರೆ ಹಸಿವಿಲ್ಲ ಅಂದಳು, ಎಲ್ಲರೂ ಎದ್ದ ಮೇಲೆ ಗಡಿಗೆಯಲ್ಲಿದ್ದ ಮಜ್ಜಿಗೆ ಕುಡಿದು ಬಂದಳು.

"ಮಜ್ಜಿಗೆ ತಾನಾಗೇ ಖಾಲಿ ಆಗೈತೆ" ಎಂದಳು ಶಾಂತಿ.

"ಬೆಕ್ಕು ಕುಡಿದಿರ್ಬೇಕು."

"ಬೆಕ್ಕು ಲೋಟ ತೊಳೆದು ಬೋರಲು ಹಾಕೈತೆ ಅತ್ತೆ."

ಪುಟ್ಟಕ್ಕ ಮುಖ ತಿರುಗಿಸಿದಳು. ಶಾಂತಿ ಪಕ್ಕದಲ್ಲಿ ಕುಳಿತಳು. ಇಷ್ಟು ವರ್ಷದಲ್ಲಿ ಅತ್ತೆಯ ಪಕ್ಕ ಹೀಗೆ ಕೂತದ್ದು ಕಡಿಮೆಯೇ.

"ನನಗೂ ಸಂತೋಷನೇ ಅತ್ತೆ, ತಾಳಿ ಉಳೀತು. ಆದ್ರೆ ಅತ್ತ ಯಮುನಾಳ ತಾಳಿ ಹೋತು. ಅವಳು ಬಂದು ನಿಮ್ಮ ಗಾಡಿ ಎದುರಿಗೆ ನಿಂತ್ರೆ ಆ ಮಾತು ಹೇಳ್ತಿದ್ರಾ?"

ಯಮುನಾ ಮುನಿಯಪ್ಪನ ಹೆಂಡತಿ. ಗಂಡ ಸತ್ತ ಮೇಲೆ ಹಿರಿಯೂರಿನ ಮಾವನ ಮನೆಗೆ ಹೋಗಿದ್ದಳು. ಪುಟ್ಟಕ್ಕ ಅವತ್ತು ರಾಗಿಹಿಟ್ಟಿನ ಡಬ್ಬಿ ತೆಗೆದು ತಾನೇ ಮುದ್ದೆ ತಿರುವಿದಳು.

ಗುರುವಾರ ಯಾರಿಗೂ ಹೇಳದೆ ಪುಟ್ಟಕ್ಕ ಹೊಳಲ್ಕೆರೆಯ ಆಸ್ಪತ್ರೆಗೆ ನಡೆದಳು. ಯಾವ ಬೆಂಚಿಗೆ ಹೆದರಿ ಹೊಸದುರ್ಗಕ್ಕೆ ಓಡಿದ್ದಳೋ ಅದೇ ಬೆಂಚು. ಅಲ್ಲಿ ಕುಳಿತಿದ್ದವನು ಕಾಯಂ ಗಿರಾಕಿ ದುರ್ಗೇಶ್, ಪಕ್ಕದಲ್ಲಿ ಅವನ ಹೆಂಡತಿ.

"ಏನ್ ಪುಟ್ಟಕ್ಕ, ನೀನಿಲ್ಲಿ?" ಎಂದು ಅವನು ಗಾಬರಿಯಾದ.

"ತಲೆ ಕೆಟ್ಟೈತೆ, ತೋರ್ಸಾಕೆ ಬಂದೀನಿ. ನೀನು?"

ದುರ್ಗೇಶ್ ಆಚೀಚೆ ನೋಡಿದ. "ಇವಳಿಗೆ ಹೆರಿಗೆ ಆದಾಗಿಂದ ಬರೀ ಅಳು. ನಾವೂ ದಾವಣಗೆರೆಗೆ ಹೋಗಾಣ ಅಂತಿದ್ವಿ, ಇಲ್ಲಿ ಯಾರಾದ್ರೂ ನೋಡ್ತಾರೆ ಅಂತ..."

"ಯಾರಲೇ ನೋಡೋರು? ನೋಡೋರೆಲ್ಲ ಇಲ್ಲೇ ಕುಂತೀವಲ್ಲ!" ಎಂದಳು ಪುಟ್ಟಕ್ಕ. ಬೆಂಚಿಗೆ ಬೆಂಚೇ ನಕ್ಕಿತು. ಅಳುತ್ತಿದ್ದ ಬಾಣಂತಿಯೂ ಕಣ್ಣೊರೆಸಿಕೊಂಡಳು. ಪುಟ್ಟಕ್ಕ ಅವಳ ತಲೆ ಸವರಿದಳು. "ಅಳಮ್ಮ, ಅತ್ತು ಹಗುರ ಮಾಡ್ಕ. ಒಳಗೆ ಕುಂತಿರೋ ಹೆಂಗ್ಸು ನಮ್ಮ ಹಿಂದಿನ ಬೀದಿಯೋಳೇ. ಬಾಯಿ ಜೋರು, ಆದ್ರೆ ಒಳ್ಳೇಳು."

ಒಳಗೆ ಹೋಗಿ ಕುಳಿತವಳೇ ಹೇಳಿದಳು. "ನನಗೆ ಏನು ಮಾಡ್ಬೇಕೋ ಗೊತ್ತಾಗ್ವಲ್ದು ಕಣಮ್ಮ. ಆ ಮಾತು ಬ್ಯಾಡ ಅಂತ ಬಾಯಿ ಬಿಗಿ ಹಿಡೀತೀನಿ. ಹೇಳ್ದೆ ಇದ್ರೆ ಎದೆ ಒಡೀತೈತೆ. ಅವತ್ತು ನಾನು ಫೋನ್ ಮಾಡೋದು ಒಂದು ಗಳಿಗೆ ತಡ ಆಗಿದ್ರೆ... ಅದು ನೆನಪಾದ್ರೆ ನಡುಗ್ತೀನಿ. ಅದಕ್ಕೇ ಹೇಳ್ತಾ ಇರೋದು, ಹೇಳಿದ್ರೆ ಮಗ ಅವ್ನೆ ಅನ್ನೋ ಧೈರ್ಯ."

"ಹಂಗಾದ್ರೆ ನೀವೂ ಹೆದರಿದೀರ" ಎಂದಳು ಕಾವ್ಯಶ್ರೀ.

ಪುಟ್ಟಕ್ಕ ಅಳತೊಡಗಿದಳು. ಅವಳು ಅತ್ತದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಕಾವ್ಯಶ್ರೀ ತಡೆಯಲಿಲ್ಲ. ಅಳು ಮುಗಿದ ಮೇಲೆ ನೀರು ಕೊಟ್ಟು, "ಇದನ್ನೇ ಮಗನಿಗೆ ಹೇಳ್ರಿ. ಉಳಿಸಿದೆ ಅನ್ಬ್ಯಾಡ್ರಿ, ಹೆದರಿದೆ ಅನ್ರಿ" ಎಂದಳು.

ಸಂಜೆ ಪುಟ್ಟಕ್ಕ ಹೇಳಿದಳು. ಹಿತ್ತಲಲ್ಲಿ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ, ಮಗನ ಮುಖ ನೋಡದೆ. ಪರಮೇಶ್ ಪಕ್ಕಕ್ಕೆ ಕುಳಿತು ತಾನೂ ತೊಟ್ಟು ಬಿಡಿಸತೊಡಗಿದ. ಹೊತ್ತು ಮುಳುಗಿತು. ಅವನು ಫ್ಯೂಸು ಕೀಳಲು ಏಳಲಿಲ್ಲ. ಶಾಂತಿ ಒಳಗಿನಿಂದ ಇಣುಕಿ ನೋಡಿ, ಅಡುಗೆಮನೆಯ ಒಂದು ಬಲ್ಬು ಹಾಕಿದಳು. ಅವನು ಬೆಚ್ಚಿ ತಿರುಗಿದ. ಆದರೆ ಎದ್ದು ಬರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ನಿಧಾನವಾಗಿ ಆಯಿತು. ಕಾವ್ಯಶ್ರೀ ಹೇಳಿಕೊಟ್ಟಂತೆ ಅವನೇ ಮನೆಯ ಒಂದೊಂದು ಸ್ವಿಚ್ಚನ್ನೂ ಬಿಚ್ಚಿ ನೋಡಿ, ಸರಿ ಇದೆ ಎಂದು ತಾನೇ ಹಾಕುತ್ತಿದ್ದ. ಮೊದಲು ಬಲ್ಬು. ಆಮೇಲೆ ಫ್ಯಾನು. ಫ್ರಿಜ್ಜಿನ ಸರದಿ ಬಂದಾಗ ಒಂದು ವಾರ ಹಿಂದೆ ಸರಿದ. ಹಾಲು ಇನ್ನೊಮ್ಮೆ ಒಡೆಯಿತು. ಶಾಂತಿ ಬೈದಳು, ಪರಮೇಶ್ ವಾಪಸು ಬೈದ. ಇವರು ಮೊದಲಿನಂತೆ ಬೈದಾಡುತ್ತಿದ್ದಾರಲ್ಲ ಎಂದು ಮೌನಿಕಾಗೆ ಖುಷಿಯಾಯಿತು. ಮಿಕ್ಸಿ ತಿರುಗಿದ ಬೆಳಿಗ್ಗೆ ಚಟ್ನಿ ಎರಡು ಸಲ ಆಯಿತು.

ಆದರೆ ಕಂಬದ ಹತ್ತಿರ ಹೋಗಲು ಕಾಲು ಏಳುತ್ತಿರಲಿಲ್ಲ. "ಯಮುನಾಳ್ನ ಕಂಡು ಬರದೆ ನಾನು ಹತ್ತಲಾರೆ" ಎಂದು ಪರಮೇಶನೇ ಹೇಳಿದ. "ಏನಂತ ಮಾತಾಡ್ಸಲಿ ಅಂತ ಗೊತ್ತಿಲ್ಲ. ಅವಳು ಮುಖಕ್ಕೆ ಉಗುಳ್ಬಹುದು."

"ಉಗುಳಿದ್ರೆ ಒರೆಸ್ಕಳಾಣ" ಎಂದಳು ಪುಟ್ಟಕ್ಕ. "ನಾನೂ ಬರ್ತೀನಿ. ನನಗೂ ಎರಡು ಬೀಳ್ಬೇಕು."

ದುರ್ಗದಲ್ಲಿ ಬಸ್ಸು ಬದಲಾಯಿಸಿ ತಾಯಿ ಮಗ ಹಿರಿಯೂರಿಗೆ ಹೋದರು. ಮುನಿಯಪ್ಪನ ತಂದೆ ಮುದ್ದಪ್ಪ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುವವನು. ಮನೆ ಮುಂದೆ ಸುಲಿದ ಮಟ್ಟೆಯ ರಾಶಿ. ಯಮುನಾ ಬಾಗಿಲಿಗೆ ಬಂದು ಇಬ್ಬರನ್ನೂ ಕಂಡು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಈಗ ದಾರಿ ಸಿಕ್ತೇನಣ್ಣ ನಿನಗೆ?"

ಪರಮೇಶ್ ತಲೆ ತಗ್ಗಿಸಿದ.

"ಮಣ್ಣಿಗೆ ಬಂದೋನು ಆಮೇಲೆ ಪತ್ತೇನೇ ಇಲ್ಲ. ಇಲಾಖೆಯೋರು ಬಂದ್ರು, ನೆಂಟರು ಬಂದ್ರು, ಕಂಡೋರೆಲ್ಲ ಬಂದ್ರು. ಅವನ ಜೊತೆ ಒಂದೇ ಬೀಡಿ ಸೇದಿದೋನು ನೀನು ಬರ್ಲಿಲ್ಲ. ಅವನ ಬಗ್ಗೆ ನನ್ನ ಜೊತೆ ಮಾತಾಡೋರು ಯಾರವ್ರೆ ಹೇಳು?"

"ನಂದೇ ಸರದಿ ಇತ್ತು ಯಮುನಾ. ನಾನು..."

"ನನಗೆ ಗೊತ್ತಿಲ್ವಾ? ಹತ್ತು ಸಲ ನಿನ್ನ ಸರದಿ ಅವನು ಹತ್ತವ್ನೆ, ಅವನ ಸರದಿ ನೀನು ಹತ್ತೀಯ. ಜ್ವರ ಬಂದ್ರೆ ನೀನು, ಮದುವೆ ಇದ್ರೆ ಅವನು. ಜನರೇಟರ್ ಹಚ್ಚಿದೋನನ್ನ ಬೈಬೇಕು, ನಿನ್ನ ಬೈದು ನಾನೇನು ಮಾಡ್ಲಿ? ಬರ್ಲಿಲ್ಲ ಅಂತ ಬೈತೀನಿ, ಅದಕ್ಕೆ ಬೈತೀನಿ." ಆಮೇಲೆ ಪುಟ್ಟಕ್ಕನ ಕಡೆ ತಿರುಗಿದಳು. "ನಿನ್ನ ರೊಟ್ಟಿ ಕತೆನೂ ಬಂದೈತೆ ಇಲ್ಲಿ ತಂಕ."

ಪುಟ್ಟಕ್ಕ ಕೈ ಮುಗಿದಳು. "ತಪ್ಪಾತು ಕಣವ್ವ. ಇನ್ನು ಹೇಳಲ್ಲ."

ಯಮುನಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ತೀರ? ಒಳಗೆ ಬರ್ರಿ."

ಒಳಗೆ ಶೆಕೆ. ಫ್ಯಾನು ನಿಂತಿತ್ತು. ಗೋಡೆಯ ಬೋರ್ಡಿನ ಸುತ್ತ ಸುಟ್ಟ ಕಪ್ಪು. "ಸ್ವಿಚ್ ಹಾಕಿದ್ರೆ ಕಿಡಿ ಹಾರ್ತವೆ. ಮಾವನಿಗೆ ಹೇಳಿ ಹೇಳಿ ಸಾಕಾತು. ಅವನಿದ್ದಿದ್ರೆ..." ಎಂದು ಯಮುನಾ ಮಾತು ನುಂಗಿದಳು.

ಪರಮೇಶ್ ಬೋರ್ಡಿನ ಎದುರು ನಿಂತ. ಒಂದು ಹೆಜ್ಜೆ ಹಿಂದಕ್ಕೆ ಬಂದ. ಪುಟ್ಟಕ್ಕ ಬಾಗಿಲ ಪಕ್ಕದ ಮೇನ್ ಸ್ವಿಚ್ ಹತ್ತಿರ ಹೋಗಿ ಅದನ್ನು ಇಳಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ನಾನಿಲ್ಲೇ ನಿಂತಿರ್ತೀನಿ. ಯಾರು ಬಂದ್ರೂ ಮುಟ್ಟಾಕೆ ಬಿಡಲ್ಲ. ನೋಡು ನೀನು."

ಅವನು ತಾಯಿಯನ್ನು ನೋಡಿದ. ಸ್ಕ್ರೂಡ್ರೈವರ್ ಕೇಳಿ ಇಸಿದುಕೊಂಡು ಬೋರ್ಡು ಬಿಚ್ಚಿದ. ಸುಟ್ಟ ತಂತಿ ಕತ್ತರಿಸಿ, ಸುಲಿದು, ಹೊಸದಾಗಿ ಬಿಗಿದ. ಯಮುನಾ ಅಂಗಡಿಯಿಂದ ತಂದ ಹೊಸ ಸ್ವಿಚ್ಚು ಕೂರಿಸಿದ. ಆ ಹೊತ್ತಿಗೆ ಮುದ್ದಪ್ಪ ಮಂಡಿಯಿಂದ ಬಂದು, ಯಾಕೆ ಕರೆಂಟಿಲ್ಲ ಎಂದು ಮೇನ್ ಕಡೆ ಕೈ ಚಾಚಿದ.

"ಏಯ್, ದೂರ ನಿಂತ್ಕ!" ಪುಟ್ಟಕ್ಕ ಗದರಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಯಮುನಾ ಕಿಸಕ್ಕನೆ ನಕ್ಕಳು.

"ಈಗ ಹಾಕವ್ವ" ಎಂದ ಪರಮೇಶ್.

ಪುಟ್ಟಕ್ಕ ಮೇನ್ ಏರಿಸಿದಳು. ಅವನು ಟೆಸ್ಟರ್ ಇಟ್ಟು ನೋಡಿ, ಒಂದು ಉಸಿರು ಬಿಟ್ಟು, ಬೆರಳಿನಿಂದ ಸ್ವಿಚ್ ಒತ್ತಿದ. ಫ್ಯಾನು ಕಿರುಗುಟ್ಟಿ ತಿರುಗಿತು.

"ಬಚ್ಚಲ ದೀಪಾನೂ ಹತ್ತಲ್ಲ" ಎಂದಳು ಯಮುನಾ. "ಇನ್ನೊಂದ್ಸಲ ಬಂದಾಗ ನೋಡುವಂತೆ, ಕುಂತ್ಕ, ನೀರು ಕುಡಿ."

"ಇನ್ನೊಂದ್ಸಲ ಯಾಕೆ?" ಪರಮೇಶ್ ಅಂಗಿಯ ತೋಳು ಮಡಿಸಿದ. "ಅವ್ವ, ಮೇನ್ ಇಳ್ಸು."